‘ಆಯ್ತು’ ಅನ್ನಬಾರದ ಕ್ಲಾಸು

‘ಆಯ್ತು’ ಎಂಬ ಒಂದೇ ಮಾತಿನಿಂದ ದೊಡ್ಡವರನ್ನು ಎಷ್ಟು ಸುಲಭವಾಗಿ ಸಾಗಹಾಕಬಹುದು ಅನ್ನುವುದು ನಮ್ಮ ಕ್ಲಾಸಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. “ಅರ್ಥ ಆಯ್ತಾ?” ಎಂದು ಮೇಷ್ಟ್ರು ಕೇಳಬೇಕು. “ಆಯ್ತು ಸಾರ್” ಎಂದು ನಾವು ಒಕ್ಕೊರಲಿನಲ್ಲಿ ರಾಗ ಎಳೆಯಬೇಕು. ಅವರು ಬೋರ್ಡು ಒರೆಸಬೇಕು. ಅಲ್ಲಿಗೆ ಎರಡು ಕಡೆಯವರ ಕೆಲಸವೂ ಮುಗಿಯಿತು. ‘ಆಗಿಲ್ಲ’ ಅಂದವರ ಗತಿ ಏನು ಅನ್ನುವುದನ್ನು ಸ್ಲೇಟು ಹಿಡಿದ ಕಾಲದಲ್ಲೇ ಕಲಿತಿದ್ದೆವು. “ಕಿವಿ ಎಲ್ಲಿಟ್ಟಿದ್ದೆ?” ಅನ್ನುತ್ತಾರೆ, ಕ್ಲಾಸೆಲ್ಲ ಕಿಸಕ್ಕನೆ ನಗುತ್ತದೆ, ಪಾಠ ತನ್ನ ಪಾಡಿಗೆ ಮುಂದೆ ಹೋಗುತ್ತದೆ. ಯಾಕೆ ಬೇಕು ಇಲ್ಲದ ಉಸಾಬರಿ?

ನಮ್ಮದು ಕರೆಂಟು ಕೆಲಸ ಕಲಿಸುವ ಸಂಸ್ಥೆ. ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವರು, ಬೇರೆಲ್ಲೂ ಸೀಟು ಸಿಗದವರು, ಮನೆಯಲ್ಲಿ ಸುಮ್ಮನೆ ಕೂತರೆ ಬೈಗುಳ ತಿನ್ನಬೇಕಾಗುತ್ತದೆ ಎಂದು ಬಂದವರು, ಹೀಗೆ ಎಲ್ಲರೂ ಅಲ್ಲಿ ಸೇರಿದ್ದೆವು. ತಗಡಿನ ಸೂರಿನ ಉದ್ದನೆಯ ಕೋಣೆ. ಗೋಡೆಗೆ ಹೊಡೆದ ಮರದ ಹಲಗೆಗಳ ಮೇಲೆ ಸ್ವಿಚ್ಚು, ಹೋಲ್ಡರು, ಮೀಟರು. ಒಡೆದ ಕಿಟಕಿ ಗಾಜಿನ ಜಾಗದಲ್ಲಿ ರಟ್ಟು. ಬಾಗಿಲಿನ ಚಿಲಕ ಮುರಿದು ಯಾವ ಕಾಲವಾಗಿತ್ತೋ, ಇಷ್ಟೊಂದು ಕೈಗಸುಬಿನವರಿದ್ದೂ ಅದನ್ನು ಸರಿಮಾಡುವ ಮನಸ್ಸು ಯಾರಿಗೂ ಬಂದಿರಲಿಲ್ಲ.

ನನ್ನನ್ನು ಎಲ್ಲರೂ ‘ಸ್ಪೀಕರ್’ ಅನ್ನುತ್ತಿದ್ದರು. ಬಾಯಿ ಜೋರು, ಒಪ್ಪಿಕೊಳ್ಳುತ್ತೇನೆ. ನನ್ನ ಪಕ್ಕ ಕೂರುತ್ತಿದ್ದವಳು ‘ಆಯ್ತಕ್ಕ’. ನಮಗಿಂತ ಸ್ವಲ್ಪ ದೊಡ್ಡವಳು, ಮನೆಯಲ್ಲಿ ತಂಗಿ ತಮ್ಮಂದಿರ ದಂಡಿಗೆ ಹಿರಿಯಕ್ಕ. ಅವಳ ಅಮ್ಮ ಆಸ್ಪತ್ರೆಯ ಚಾದರ ಒಗೆಯುವ ಕೆಲಸಕ್ಕೆ ಹೋಗುತ್ತಿದ್ದರು. ಮಾವ ದುಡಿಯುವ ಕಾರ್ಖಾನೆಯಲ್ಲಿ ಇವಳಿಗೊಂದು ಕೆಲಸ ಕಾದಿತ್ತು, ಸರ್ಟಿಫಿಕೇಟು ಕೈಗೆ ಬರಬೇಕು ಅಷ್ಟೆ. ಈ ಹುಡುಗಿ ಯಾರು ಏನು ಹೇಳಿದರೂ ‘ಆಯ್ತು’ ಅನ್ನುವವಳು. ನನ್ನ ಬೆಂಚು ಒರೆಸ್ತೀಯಾ? ಆಯ್ತು. ನನ್ನ ಬದಲು ನೀನು ಗುಡಿಸ್ತೀಯಾ? ಆಯ್ತು. ಅವಳ ಬಾಯಲ್ಲಿ ‘ಇಲ್ಲ’ ಎಂಬ ಶಬ್ದ ಇದೆಯೋ ಇಲ್ಲವೋ ಎಂದು ಹುಡುಗರು ಪಂದ್ಯ ಕಟ್ಟುತ್ತಿದ್ದರು.

ಹೊಸ ಮೇಡಂ ಬಂದಿದ್ದು ಎರಡನೇ ವರ್ಷದ ಆರಂಭದಲ್ಲಿ. ಗಿಡ್ಡ ದೇಹ, ಗಂಡಸರ ಶರಟು, ಜೇಬಿನಲ್ಲಿ ಟೆಸ್ಟರು. ಮೆಟ್ಟಿಲ ದೀಪದ ಪಾಠ ಮಾಡಿದರು. ದೀಪ ಒಂದೇ, ಸ್ವಿಚ್ಚು ಕೆಳಗೊಂದು ಮೇಲೊಂದು, ಎಲ್ಲಿ ಒತ್ತಿದರೂ ಹತ್ತಬೇಕು, ಎಲ್ಲಿ ಒತ್ತಿದರೂ ಆರಬೇಕು. ಚಿತ್ರ ಬರೆದು “ಅರ್ಥ ಆಯ್ತಾ?” ಅಂದರು. ನಾವು ರಾಗ ಎಳೆದೆವು. ಹಳೇ ಮೇಷ್ಟ್ರಾಗಿದ್ದರೆ ಡಸ್ಟರು ಎತ್ತುತ್ತಿದ್ದರು. ಇವರು ನನ್ನ ಕಡೆ ತಿರುಗಿ, “ಎಲ್ಲರಿಗಿಂತ ಜೋರಾಗಿ ಹೇಳ್ದವಳು ನೀನೇ ಅಲ್ವಾ? ಬಾ, ಜೋಡಿಸು” ಅಂದರು.

ನಾನು ಜೋಡಿಸಿದೆ. ದೀಪ ಕೆಳಗೆ ಒತ್ತಿದರೂ ಹತ್ತಲಿಲ್ಲ, ಮೇಲೆ ಒತ್ತಿದರೂ ಹತ್ತಲಿಲ್ಲ. ಆಮೇಲೆ ಫ್ಯೂಸ್ ಹೋಗಿ ಇಡೀ ಕೋಣೆಯ ಕರೆಂಟೇ ಹೋಯಿತು. ಕತ್ತಲಲ್ಲಿ ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಬಾಯ್ ಮುಚ್ರೋ!” ಎಂದು ಮೇಡಂ ಗುಡುಗಿದ ರಭಸಕ್ಕೆ ತಗಡು ಅದುರಿತು. “ಇವಳಿಗೆ ಗೊತ್ತಿಲ್ಲ ಅಂತ ನಗ್ತೀರಾ? ನಿಮ್ಮಲ್ಲಿ ಯಾರಿಗೆ ಗೊತ್ತು, ಬನ್ನಿ ಮುಂದೆ.”

ಯಾರೂ ಬರಲಿಲ್ಲ. ಅವತ್ತೇ ಅವರಿಗೆ ‘ಫ್ಯೂಸ್ ಮೇಡಂ’ ಎಂದು ಹೆಸರಿಟ್ಟೆವು. ಅದು ಅವರ ಕಿವಿಗೂ ಬಿತ್ತು. “ಒಳ್ಳೇ ಹೆಸರೇ ಇಟ್ಟಿದ್ದೀರ. ಫ್ಯೂಸ್ ಇರೋದೇ ಹೋಗೋಕೆ” ಎಂದು ನಕ್ಕುಬಿಟ್ಟರು.

ಮರುದಿನ ಬೆಂಚಿನ ಮೇಲೆ ಬಲಗೈ ಅಂಗೈ ಮೇಲಾಗಿ ಇಟ್ಟು, ಹತ್ತಿರ ಬಂದು ನೋಡಿ ಅಂದರು. ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಚರ್ಮ ಸುಕ್ಕಾಗಿ ಹೊಳೆಯುತ್ತಿತ್ತು. “ನಿಮ್ಮ ವಯಸ್ಸಲ್ಲಿ ಕೆಲಸಕ್ಕೆ ಸೇರಿದ್ದೆ. ಮೇಸ್ತ್ರಿ ಏನೋ ಹೇಳಿ, ಅರ್ಥ ಆಯ್ತಾ ಅಂದ್ರು. ಅರ್ಥ ಆಗಿರ್ಲಿಲ್ಲ. ಮತ್ತೆ ಕೇಳಿದ್ರೆ ಬೈತಾರೆ ಅಂತ ಆಯ್ತು ಅಂದೆ. ಇದೇ ನನ್ನ ‘ಆಯ್ತು’, ನೋಡ್ಕೊಳ್ಳಿ.” ಕೈ ಹಿಂದಕ್ಕೆ ತೆಗೆದುಕೊಂಡು ಹೇಳಿದರು: “ಇವತ್ತಿಂದ ಈ ಕೋಣೇಲಿ ಆ ಮಾತು ಬಂದ್. ಏನು ಗೊತ್ತಾಗಿಲ್ಲ ಅಂತ ಮಾತ್ರ ಹೇಳಿ. ಒಬ್ಬರಿಗೆ ಆಗದಿದ್ರೂ ಪಾಠ ಮುಂದಕ್ಕೆ ಹೋಗಲ್ಲ.”

ನಾವು ನಂಬಲಿಲ್ಲ. ಇಂಥ ಬಣ್ಣದ ಮಾತು ಬೇಕಾದಷ್ಟು ಕೇಳಿದ್ದೆವು. ಪರೀಕ್ಷೆ ಮಾಡೋಣ ಎಂದು ನಾನೇ ಎದ್ದು, ಅರ್ಥವಾಗಿದ್ದನ್ನೂ “ಆಗಿಲ್ಲ ಮೇಡಂ” ಅಂದೆ. ಅವರು ಮೊದಲಿಂದ ಹೇಳಿದರು. “ಆಗಿಲ್ಲ” ಅಂದೆ. ಮತ್ತೆ ಹೇಳಿದರು, ಈ ಸಲ ಬಕೆಟ್ಟು, ಪೈಪು, ನೀರು ತಂದು ತೋರಿಸುತ್ತಾ. “ಆಗಿಲ್ಲ” ಅಂದೆ. ಅವರು ನನ್ನ ಮುಖ ನೋಡಿ, “ಕಳ್ಳಿ, ನಿನಗೆ ಆವಾಗ್ಲೇ ಆಗಿದೆ. ಆದ್ರೂ ಪರವಾಗಿಲ್ಲ, ಇನ್ನೊಂದು ಸಲ ಹೇಳ್ತೀನಿ. ಹಿಂದಿನ ಬೆಂಚಿನವರಿಗೆ ಈಗಷ್ಟೇ ಆಗ್ತಿದೆ” ಅಂದರು. ನನಗೆ ನಾಚಿಕೆಯಾಗಿ ಕೂತುಬಿಟ್ಟೆ. ಹಿಂದೆ ತಿರುಗಿ ನೋಡಿದರೆ, ಸೇರಿದಾಗಿನಿಂದ ತುಟಿ ಬಿಚ್ಚದ ಹುಡುಗನೊಬ್ಬ ಕೈ ಎತ್ತಿಕೊಂಡಿದ್ದ.

ಅಲ್ಲಿಂದ ಶುರುವಾಯಿತು ನೋಡಿ, ‘ಆಗಿಲ್ಲ’ಗಳ ಮಳೆ. ಕೆಲವು ದಿನ ಒಂದೇ ಚಿತ್ರದ ಮೇಲೆ ಮಧ್ಯಾಹ್ನ ಕಳೆಯುತ್ತಿತ್ತು. ಮೇಡಂ ಸಿಟ್ಟಾಗುತ್ತಿರಲಿಲ್ಲವೇ ಎಂದರೆ, ಆಗುತ್ತಿದ್ದರು, ಚೆನ್ನಾಗಿಯೇ ಆಗುತ್ತಿದ್ದರು. ಆದರೆ ಸಿಟ್ಟು ಸುಳ್ಳು ಹೇಳಿದವರ ಮೇಲೆ, ಗೊತ್ತಿಲ್ಲ ಅಂದವರ ಮೇಲಲ್ಲ.

ಆಯ್ತಕ್ಕ ಮಾತ್ರ ಹಾಗೇ ಇದ್ದಳು. ಬಾಯಿ ತೆರೆಯುತ್ತಿದ್ದಳು, “ಆ...” ಅನ್ನುತ್ತಿದ್ದಳು, ನುಂಗಿಬಿಡುತ್ತಿದ್ದಳು. ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. “ಹೇಳೇ, ಏನು ಮುತ್ತು ಉದುರುತ್ತಾ?” ಎಂದು ತಿವಿದೆ ಒಂದು ದಿನ. ಮೇಡಂ ನನ್ನನ್ನು ಗದರಿಸಿ ಅವಳಿಗೆ ಹೇಳಿದರು: “ನಿನ್ನ ‘ಆಗಿಲ್ಲ’ ನಿನ್ನ ಹತ್ರಾನೇ ಇರ್ಲಿ ಮಗಾ. ಅದು ನಿನ್ನದು. ಬೇಕಾದಾಗ ತೆಗಿ.” ಊಟದ ಬಿಡುವಿನಲ್ಲಿ ದಿನವೂ ಅವಳ ಬೆಂಚಿನ ಬಳಿ ನಿಂತು, “ಊಟ ಆಯ್ತಾ?” ಎಂದು ಕೇಳುತ್ತಿದ್ದರು. “ಆಯ್ತು ಮೇಡಂ” ಅನ್ನುತ್ತಿದ್ದಳು ಅವಳು. ಡಬ್ಬಿ ತಂದಿಲ್ಲ ಅನ್ನುವುದು ಪಕ್ಕದಲ್ಲಿದ್ದ ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು ಅನ್ನಿಸುತ್ತದೆ. ಅವರು ಕೆದಕುತ್ತಿರಲಿಲ್ಲ. ಮರುದಿನ ಮತ್ತೆ ಕೇಳುತ್ತಿದ್ದರು, ಹೊಸದಾಗಿ ಕೇಳುವವರ ಹಾಗೆ.

ಇನ್ನು ಗ್ಲೌಸಿನ ವಿಷಯ. ಕರೆಂಟು ತಾಗದಿರಲಿ ಎಂದು ಹಾಕಿಕೊಳ್ಳುವ ದಪ್ಪ ರಬ್ಬರ್ ಗ್ಲೌಸು ನಮ್ಮಲ್ಲಿ ಒಂದು ರಾಶಿ ಇತ್ತು, ಎಲ್ಲ ಹಳೆಯವು. ಮೇಡಂ ದಿನಾ ಬೆಳಿಗ್ಗೆ ಒಂದೊಂದನ್ನೇ ತೆಗೆದುಕೊಂಡು, ಕೈ ತೂರಿಸುವ ಬಾಯಿಯ ಕಡೆಯಿಂದ ಬಿಗಿಯಾಗಿ ಸುತ್ತಿ, ಒಳಗೆ ಗಾಳಿ ತುಂಬಿ ಬೆರಳುಗಳು ಉಬ್ಬಿದಾಗ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದರು. ಸೂಜಿಮೊನೆಯಷ್ಟು ತೂತಿದ್ದರೂ ಕೆನ್ನೆಗೆ ತಣ್ಣಗೆ ಗಾಳಿ ತಾಗುತ್ತದೆ. ತಾಗಿತೋ, ಕತ್ತರಿ ತೆಗೆದುಕೊಂಡು ಆ ಗ್ಲೌಸನ್ನು ಚೂರುಚೂರು ಮಾಡಿ ಬುಟ್ಟಿಗೆ ಹಾಕುತ್ತಿದ್ದರು. ನಮ್ಮ ಕೈಗೋಸ್ಕರ ಯಾರಾದರೂ ತಮ್ಮ ಕೆನ್ನೆ ಕೊಟ್ಟಿದ್ದನ್ನು ನಾವು ಕಂಡಿರಲಿಲ್ಲ. ಕೆಲವು ದಿನ ಆದಮೇಲೆ ನಮಗೂ ಕಲಿಸಿದರು. “ನನ್ನ ಮೇಲೆ ನಂಬಿಕೆ ಇಡೋದೆಲ್ಲ ಬೇಡ. ಗ್ಲೌಸು ಕೆನ್ನೆ ಮೇಲೆ ಇಡಿ, ಸಾಕು” ಅಂದರು. ಹಾಗಂದ ಮೇಲೂ ನಂಬದೆ ಇರುವುದು ಹೇಗೆ?

ಕತ್ತರಿಸುತ್ತಾ ಕತ್ತರಿಸುತ್ತಾ ಗ್ಲೌಸೆಲ್ಲ ಮುಗಿಯಿತು. ಮೇಡಂ ಕರೆಂಟಿರುವ ಬೋರ್ಡನ್ನು ಮುಟ್ಟುವ ಕೆಲಸ ನಿಲ್ಲಿಸಿ, ಪ್ರಿನ್ಸಿಪಾಲರ ಕೋಣೆಗೆ ಹೋಗಿ ಹೊಸದು ಕೇಳಿದರು. ನಮ್ಮ ಪ್ರಿನ್ಸಿಪಾಲರದ್ದು ಬೆಣ್ಣೆಯಂಥ ಮಾತು. “ಬರುತ್ತೆ ಮೇಡಂ, ಬರುತ್ತೆ” ಅನ್ನುತ್ತಿದ್ದರು. ಇವರು ಬಿಡುವವರಲ್ಲ, ಮರುದಿನ ಮತ್ತೆ ಹೋಗುತ್ತಿದ್ದರು. ಅಂಗಳದ ಆಚೆಯಿಂದ ಅವರ ದನಿ ನಮಗೆ ಕೇಳಿಸುತ್ತಿತ್ತು. “ಫ್ಯೂಸ್ ಹೋಯ್ತು ನೋಡ್ರೋ” ಎಂದು ಹುಡುಗರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಹೀಗಿರುವಾಗ ಸಂಸ್ಥೆಯ ಮಾನ್ಯತೆ ಮುಂದುವರಿಸಬೇಕೋ ಬೇಡವೋ ನೋಡಲು ಕಮಿಟಿ ಬಂತು. ಅವತ್ತು ಬೆಳಿಗ್ಗೆ ಮೇಡಂ ಕ್ಲಾಸಿನಲ್ಲಿರಲಿಲ್ಲ. ಹಿಂದಿನ ಕಟ್ಟಡದ ಸ್ಟೋರ್ ರೂಮಿನಲ್ಲಿ ಹಳೇ ಮೋಟಾರು ಜೋಡಿಸಿಡಿ ಎಂದು ಅವರನ್ನು ಅಲ್ಲಿಗೆ ಅಟ್ಟಿದ್ದರು. ಪ್ರಿನ್ಸಿಪಾಲರು ಒಂದು ರಟ್ಟಿನ ಡಬ್ಬ ಹಿಡಿದು ಒಳಗೆ ಬಂದರು.

“ಮಕ್ಕಳೇ, ಇನ್ನೇನು ಕಮಿಟಿಯವರು ಬರ್ತಾರೆ. ಥಿಯರಿ ಆಯ್ತಾ ಅಂದ್ರೆ ಆಯ್ತು ಅನ್ನಿ. ಪ್ರಾಕ್ಟಿಕಲ್ ಆಯ್ತಾ ಅಂದ್ರೆ ಆಯ್ತು ಅನ್ನಿ. ಅಷ್ಟೇ, ಸಿಂಪಲ್. ಪ್ರಾಕ್ಟಿಕಲ್ ಮಾರ್ಕ್ಸು ನನ್ನ ಕೈಲಿದೆ ಅನ್ನೋದು ನೆನಪಿರಲಿ.” ಆಮೇಲೆ ಕೋಣೆ ತುಂಬ ಕಣ್ಣಾಡಿಸಿದರು. “ದೀಪ ಉರೀತಿರುವಾಗಲೇ ಬೋರ್ಡಿನ ತಂತಿ ಬಿಗಿದು ತೋರಿಸ್ಬೇಕು. ನೀನು ಮಾಡ್ತೀಯಲ್ವಾ ಅಮ್ಮಾ?”

ಕೇಳಿದ್ದು ಯಾರನ್ನು? ಆಯ್ತಕ್ಕನನ್ನು. ಬೇರೆ ಯಾರನ್ನು ಕೇಳಿದ್ದರೂ ತಕರಾರು ಬರುತ್ತಿತ್ತು, ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

“ಆಯ್ತು ಸಾರ್” ಅಂದಳು ಅವಳು.

ಅವರು ಬಾಗಿಲ ಕಡೆ ಹೋದದ್ದೇ ತಡ, ನಾನು ಅವಳ ತೋಳು ಹಿಡಿದೆ. “ತಲೆ ಕೆಟ್ಟಿದ್ಯಾ ನಿಂಗೆ? ಕರೆಂಟಿರೋ ಬೋರ್ಡು ಕಣೇ ಅದು!”

“ಮಾರ್ಕ್ಸು ಅವರ ಕೈಲಿದೆ ಕಣೇ” ಅಂದಳು.

ಮಾರ್ಕ್ಸು ಅವರ ಕೈಲಿತ್ತು, ನಿಜ. ಅವರ ಕೈ ಸುಖವಾಗಿಯೂ ಇತ್ತು. ಬೋರ್ಡಿಗೆ ಹೋಗಬೇಕಾದದ್ದು ಆಯ್ತಕ್ಕನ ಕೈ. ಮನೆಯ ಅಷ್ಟೂ ಜನ ಆ ಕೈಯನ್ನೇ ನೆಚ್ಚಿಕೊಂಡಿದ್ದರು. ನನಗೆ ಸ್ಟೋರ್ ರೂಮಿಗೆ ಓಡಬೇಕು ಅನ್ನಿಸಿತು. ಅಷ್ಟರಲ್ಲಿ ಮೂರು ಜನ ಒಳಗೆ ಬಂದೇಬಿಟ್ಟರು. ಇಬ್ಬರು ಗಂಡಸರು, ಒಬ್ಬರು ಬೆಳ್ಳಿ ಕೂದಲಿನ ಹೆಂಗಸು. ಆಕೆ ತಮ್ಮ ಛತ್ರಿಯನ್ನು ನಮ್ಮ ಬೆಂಚಿನ ಅಂಚಿಗೆ ನೇತುಹಾಕಿ ಕೈಕಟ್ಟಿ ನಿಂತರು.

ಪ್ರಿನ್ಸಿಪಾಲರು ಡಬ್ಬ ತೆರೆದರು. ಒಳಗೆ ಗ್ಲೌಸು, ಘಮಘಮ ಪೌಡರ್ ವಾಸನೆ. ಎಲ್ಲೋ ಮೂಲೆಯಲ್ಲಿ ಬಿದ್ದಿದ್ದನ್ನು ತೊಳೆದು, ಮಗುವಿಗೆ ಹಚ್ಚುವ ಹಾಗೆ ಪೌಡರ್ ಹಚ್ಚಿ ತಂದಿದ್ದರು. ಬೋರ್ಡಿನ ಮೇಲೆ ದೀಪ ಹತ್ತಿತು. ಆಯ್ತಕ್ಕ ಮುಂದೆ ಹೋಗಿ ಗ್ಲೌಸು ತೆಗೆದುಕೊಂಡಳು.

“ಹಾಕ್ಕೊಳಮ್ಮಾ. ಎಲ್ಲಾ ಚೆಕ್ ಆಯ್ತಲ್ವಾ?” ಅಂದರು ಪ್ರಿನ್ಸಿಪಾಲರು, ಕಮಿಟಿಯ ಕಡೆ ಹಲ್ಲು ಕಿರಿಯುತ್ತಾ.

ಅವಳು ಗ್ಲೌಸಿನ ಬಾಯಿ ಸುತ್ತಿದಳು. ಬೆರಳುಗಳು ಉಬ್ಬಿದವು. ಮೆಲ್ಲಗೆ ಕೆನ್ನೆಗೆ ಒತ್ತಿಕೊಂಡಳು, ಕಣ್ಣು ಮುಚ್ಚಿ. ಹೇಳೇ, ಒಂದು ಸಲ ಹೇಳೇ ಎಂದು ಒಳಗೊಳಗೇ ಬೇಡಿಕೊಂಡೆ. ಅವಳ ಕೆನ್ನೆಯ ಮೇಲೆ ಸಣ್ಣ ಬಿಳಿ ಪೌಡರ್ ಚುಕ್ಕೆ ಮೂಡಿತು, ಗಾಳಿ ಉಗುಳಿದ ಜಾಗದಲ್ಲಿ.

“ಆ...” ಅಂದಳು. ನುಂಗಿದಳು. ಆಮೇಲೆ ತಲೆ ಎತ್ತಿದಳು.

“ಆಗಿಲ್ಲ ಸಾರ್.”

ಪ್ರಿನ್ಸಿಪಾಲರು ಪೆಚ್ಚುನಗೆ ನಕ್ಕು ಇನ್ನೊಂದು ಜೊತೆ ಕೊಟ್ಟರು. ಅವಳು ಅದನ್ನೂ ಕೆನ್ನೆಗಿಟ್ಟಳು. “ಇದರಲ್ಲೂ ತೂತಿದೆ ಸಾರ್. ನಾನು ಹಾಕ್ಕೊಳ್ಳಲ್ಲ.” ಗ್ಲೌಸನ್ನು ಬೆಂಚಿನ ಮೇಲಿಟ್ಟಳು.

“ಬಿಡು, ಇವಳಿಗೆ ಭಯ. ನೀನು ಬಾ” ಎಂದು ನನ್ನನ್ನು ಕರೆದರು. ನಾನು ಹೋದೆ, ಗ್ಲೌಸು ಸುತ್ತಿದೆ, ಕೆನ್ನೆಗಿಟ್ಟೆ. “ಉಸ್ ಅಂತಿದೆ ಸಾರ್, ಪಂಕ್ಚರಾದ ಸೈಕಲ್ ಟ್ಯೂಬಿನ ಹಾಗೆ” ಅಂದೆ, ನನ್ನ ಸ್ಪೀಕರ್ ದನಿಯಲ್ಲಿ. ಅಷ್ಟರಲ್ಲಿ ಯಾರೂ ಕರೆಯದೆ ಒಬ್ಬೊಬ್ಬರೇ ಎದ್ದು ಬರತೊಡಗಿದರು. ಡಬ್ಬದಿಂದ ಒಂದೊಂದು ಗ್ಲೌಸು ತೆಗೆದುಕೊಂಡು, ಸುತ್ತಿ, ಕೆನ್ನೆಗಿಟ್ಟು, ತಲೆಯಾಡಿಸಿ ಬೆಂಚಿನ ಮೇಲಿಟ್ಟರು. ಹಿಂದಿನ ಬೆಂಚಿನ ಆ ತುಟಿ ಬಿಚ್ಚದ ಹುಡುಗ ತನ್ನ ಗ್ಲೌಸನ್ನು ಪ್ರಿನ್ಸಿಪಾಲರಿಗೇ ಚಾಚಿ, “ನೀವೇ ಹಾಕ್ಕೊಂಡು ತೋರ್ಸಿ ಸಾರ್” ಅಂದ. ಅವರು ಗ್ಲೌಸನ್ನು ನೋಡಿದರು, ಬೋರ್ಡನ್ನು ನೋಡಿದರು, ಕೈ ಜೇಬಿಗೆ ಹಾಕಿಕೊಂಡರು.

“ಇದನ್ನ ನಿಮಗೆ ಯಾರು ಕಲಿಸಿದ್ದು?” ಎಂದು ಬೆಳ್ಳಿ ಕೂದಲಿನಾಕೆ ಕೇಳಿದರು.

“ಫ್ಯೂಸ್ ಮೇಡಂ!” ಎಂದು ಎಲ್ಲರೂ ಕೂಗಿದೆವು. ಅವರ ನಿಜವಾದ ಹೆಸರು ಆ ಗಳಿಗೆಯಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ಪ್ರಿನ್ಸಿಪಾಲರು “ಟೀ ಆರಿ ಹೋಗುತ್ತೆ, ಬನ್ನಿ ಬನ್ನಿ” ಎಂದು ಕಮಿಟಿಯನ್ನು ಹೊರಡಿಸಿಕೊಂಡು ಹೋದರು.

ಸ್ವಲ್ಪ ಹೊತ್ತಿಗೆ ಪ್ರಿನ್ಸಿಪಾಲರೊಬ್ಬರೇ ತಿರುಗಿ ಬಂದರು. ಬಾಗಿಲನ್ನು ಕಾಲಿನಿಂದ ದೂಡಿದರು, ಅದು ಚಿಲಕವಿಲ್ಲದೆ ಅರ್ಧಕ್ಕೇ ನಿಂತಿತು. ಮಾತಿನ ಬೆಣ್ಣೆಯೆಲ್ಲ ಕರಗಿ ಹೋಗಿತ್ತು.

“ಮಾನ ಕಳೆದ್ರಲ್ಲ. ಕೇಳಿಸ್ಕೊಳ್ಳಿ. ನಾಳೆಯಿಂದ ನಿಮ್ಮ ಮೇಡಂ ಬರಲ್ಲ. ಅವರನ್ನ ಕೆಲಸದಿಂದ ತೆಗೀತಿದ್ದೀನಿ. ಅರ್ಥ ಆಯ್ತಾ?”

ಇಂಥಾ ಹೊತ್ತಿನಲ್ಲಿ ಉಕ್ಕಿ ಹರಿಯಬೇಕಾದ ನನ್ನ ಬಾಯಿಯೇ ಒಣಗಿತ್ತು. ಪಕ್ಕದಲ್ಲಿ ಆಯ್ತಕ್ಕ ಎದ್ದು ನಿಂತಳು.

“ಆಗಿಲ್ಲ ಸಾರ್.”

“ಏನು ಆಗಿಲ್ಲ?”

“ಯಾಕೆ ತೆಗೀತೀರಿ ಅಂತ ಅರ್ಥ ಆಗಿಲ್ಲ.”

“ಅವರಿಗೆ ಶಿಸ್ತಿಲ್ಲ. ನಿಮ್ಮನ್ನ ತಲೆ ಮೇಲೆ ಕೂರಿಸ್ಕೊಂಡಿದ್ದಾರೆ. ಈಗ ಆಯ್ತಾ?”

“ಆಗಿಲ್ಲ ಸಾರ್!” ಈ ಸಲ ಇಡೀ ಕ್ಲಾಸು. ಅದೇ ಹಳೇ ರಾಗ, ಮಾತು ಮಾತ್ರ ಬೇರೆ.

“ಪಾಠ ಮುಗಿಸಲ್ಲ ಅವರು. ಒಂದೇ ಚಿತ್ರ ಇಡೀ ದಿನ ಎಳೀತಾರೆ. ಆಯ್ತಾ?”

“ಆಗಿಲ್ಲ ಸಾರ್!”

“ಕೋತಿಗಳಾ! ನಾನೇನು ಬೇರೆ ಭಾಷೇಲಿ ಹೇಳ್ತಿದ್ದೀನಾ?”

“ಒಬ್ಬರಿಗೆ ಆಗದಿದ್ರೂ ಮುಂದಕ್ಕೆ ಹೋಗೋ ಹಾಗಿಲ್ಲ ಸಾರ್” ಅಂದೆ ನಾನು, ನಾಲಿಗೆ ಮರಳಿ ಬಂದಿತ್ತು. “ಇಲ್ಲಿ ಹಾಗೇ ಪದ್ಧತಿ. ಇನ್ನೊಂದ್ಸಲ ಹೇಳಿ.”

ಅವರ ಮುಖ ಕೆಂಪಾಯಿತು. ಮೇಜನ್ನು ಗುದ್ದಿದರು. “ದಿನಾ ಬೆಳಗಾದ್ರೆ ಬಂದು ಗ್ಲೌಸು ಗ್ಲೌಸು ಅಂತ ನನ್ನ ಪ್ರಾಣ ತಿಂತಿದ್ರು ಕಣ್ರೋ! ಇಷ್ಟು ವರ್ಷ ಹೊಸ ಗ್ಲೌಸ್ ಕೊಡದೇನೇ ಈ ಸಂಸ್ಥೆ ನಡೆಸಿಲ್ವಾ ನಾನು? ಒಂದು ಹುಡುಗಿ ಕೈಗೆ ಸ್ವಲ್ಪ ಶಾಕ್ ಹೊಡೆದ್ರೆ ಆಕಾಶ ಕಳಚಿ ಬೀಳುತ್ತಾ?”

ತಮ್ಮ ಕೊನೆಯ ಮಾತು ತಮಗೇ ಕೇಳಿಸಿದವರ ಹಾಗೆ ನಿಂತರು. ಆಯ್ತಕ್ಕ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಆಮೇಲೆ, ನಾನು ಅವಳಿಂದ ಎಂದೂ ಕೇಳದಷ್ಟು ಸ್ಪಷ್ಟವಾದ ದನಿಯಲ್ಲಿ ಹೇಳಿದಳು.

“ಈಗ ಅರ್ಥ ಆಯ್ತು ಸಾರ್.”

“ನನಗೂ ಆಯ್ತು” ಎಂದಿತು ಬಾಗಿಲ ಕಡೆಯಿಂದ ಒಂದು ದನಿ. ಬೆಳ್ಳಿ ಕೂದಲಿನಾಕೆ ಅರ್ಧ ತೆರೆದ ಬಾಗಿಲಲ್ಲಿ ನಿಂತಿದ್ದರು. ಬೆಂಚಿಗೆ ನೇತುಹಾಕಿದ್ದ ಛತ್ರಿ ಮರೆತು ಹೋಗಿದ್ದರು, ಅದಕ್ಕೆ ಬಂದಿದ್ದರು. ಛತ್ರಿ ತೆಗೆದುಕೊಂಡು, ಬೆಂಚಿನ ಮೇಲಿದ್ದ ಒಂದು ಗ್ಲೌಸನ್ನೂ ಎತ್ತಿ ತಮ್ಮ ಚೀಲಕ್ಕೆ ಹಾಕಿಕೊಂಡರು. “ಅವರನ್ನ ತೆಗೆಯೋ ಮಾತು ಆಮೇಲೆ. ಮೊದಲು ಆ ಮೇಡಂನ ಇಲ್ಲಿಗೆ ಕರೆಸಿ” ಎಂದು ಪ್ರಿನ್ಸಿಪಾಲರಿಗೆ ಹೇಳಿದರು. ಅವರು ಕೋಲೆಬಸವನ ಹಾಗೆ ತಲೆಯಾಡಿಸಿದರು. ಅವರು ಕರೆಸುವವರೆಗೆ ಕಾಯುವವರು ಯಾರು? ನಾನು ಆಗಲೇ ಸ್ಟೋರ್ ರೂಮಿನ ದಾರಿ ಹಿಡಿದಿದ್ದೆ.

ಮೇಡಂ ಮೋಟಾರಿನ ಗ್ರೀಸು ಮೆತ್ತಿದ ಕೈಯಲ್ಲೇ ಓಡಿ ಬಂದರು. ದಾರಿಯುದ್ದಕ್ಕೂ ನಾನು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದ್ದೆ. ಅವರು ಬೆಳ್ಳಿ ಕೂದಲಿನಾಕೆಯನ್ನೂ ನೋಡಲಿಲ್ಲ, ಪ್ರಿನ್ಸಿಪಾಲರನ್ನೂ ನೋಡಲಿಲ್ಲ. ನೇರವಾಗಿ ಹೋಗಿ ಆಯ್ತಕ್ಕನ ಎರಡು ಕೈಗಳನ್ನೂ ಹಿಡಿದು, ಅಂಗೈ ತಿರುಗಿಸಿ, ಮತ್ತೆ ಹಿಂಗೈ ತಿರುಗಿಸಿ, ಬೆರಳು ಬೆರಳೂ ನೋಡಿದರು. ಅವಳ ಕೈಯೆಲ್ಲ ಗ್ರೀಸಾಯಿತು. ಕೆನ್ನೆ ಮೇಲಿನ ಪೌಡರ್ ಚುಕ್ಕೆ ಇನ್ನೂ ಹಾಗೇ ಇತ್ತು.

ಶಹಬ್ಬಾಸ್ ಅನ್ನುತ್ತಾರೆ ಎಂದು ನಾವೆಲ್ಲ ಕಾದೆವು. ಅವರು ಕೊನೆಗೆ ದಿನಾ ಕೇಳುವುದನ್ನೇ ಕೇಳಿದರು.

“ಊಟ ಆಯ್ತಾ?”

ಆಯ್ತಕ್ಕ ಅವರ ಮುಖವನ್ನೇ ನೋಡಿದಳು.

“ಆಗಿಲ್ಲ ಮೇಡಂ” ಅಂದಳು. “ತುಂಬಾ ಹಸಿವಾಗ್ತಿದೆ.”